ತುಟಿ ಮೊದಲು, ಮಾತು ಆಮೇಲೆ

"ಇದರಾಗಿಂದು ಏನ್ ತಗದ್ರಿ ನೀವು?"

ಮಹಾನಂದಾ ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟಳು. ಸಿಟ್ಟಿನಿಂದ ಕುಕ್ಕಬೇಕೆಂದು ಬಮ್ಮಿಗಟ್ಟಿಯಿಂದ ಬಸ್ಸಿನುದ್ದಕ್ಕೂ ಅಂದುಕೊಂಡು ಬಂದಿದ್ದಳು. ಇಡುವಾಗ ಮಾತ್ರ ನಿದ್ದೆ ಹೋದ ಕೂಸನ್ನು ಇಳಿಸಿದ ಹಾಗೆ ಇಟ್ಟಳು.

ಕಲಘಟಗಿ ಬಸ್ ಸ್ಟ್ಯಾಂಡಿನ ಹಿಂದಿನ ಆ ರಿಪೇರಿ ಅಂಗಡಿಯಲ್ಲಿ ಗೌರೀಶ ಒಬ್ಬನೇ ಇದ್ದ. ಅವಳನ್ನು ಕಂಡೊಡನೆ ಎದ್ದು ನಿಂತ.

"ನಾ ಏನೂ ತಗದಿಲ್ರಿ. ಏನಾತು ಹೇಳ್ರಿ."

"ದೀಪಾವಳಿ ಮುಂದ ರಿಪೇರಿ ಮಾಡಿ ಕೊಟ್ಟಾಗ ಚಲೋ ಇತ್ತು. ಈಗ ಬಟನ್ ಒತ್ತಿ ಚಹಾ ಕುದಿಸಿಕೊಂಡು ಬರಬಹುದು, ಅಷ್ಟ ಸಾವಕಾಶ. ಒಳಗಿನ ಪ್ರೊಸೆಸರ್ ತಗದು ಹಳೇದು ಕೂಡಸ್ತಾರಂತ. ಊರಾಗ ಹೇಳ್ತಾರ."

"ಊರಾಗ ಹೇಳ್ತಾರ. ನೀವೇನ್ ಹೇಳ್ತೀರಿ?"

ಅವಳು ಸೆರಗಿನ ತುದಿಯಿಂದ ಲ್ಯಾಪ್‌ಟಾಪಿನ ಮುಚ್ಚಳ ಒರೆಸಿದಳು. ಇದ್ದದ್ದನ್ನು ಹೇಳುವ ಧೈರ್ಯ ಎಲ್ಲಿಂದ ತರಬೇಕು?

ಲ್ಯಾಪ್‌ಟಾಪ್ ಅವಳ ಗಂಡ ಪ್ರಭುವಿನದು. ಅವನು ತೀರಿಕೊಂಡು ಮೂರು ವರ್ಷ. ಒಳಗೆ ಅವನದೊಂದು ವಿಡಿಯೊ ಇತ್ತು. ಕ್ಯಾಮೆರಾ ನಡೆಯುತ್ತದೋ ಇಲ್ಲವೋ ನೋಡಲು ಮಾಡಿಕೊಂಡದ್ದು. 'ಮಹಾನಂದಾ, ಇಲ್ಲಿ ಬಾ' ಎಂದು ನಗುತ್ತಾನೆ, ಅಷ್ಟೇ. ಫೋನಿಗೆ ಹಾಕಿಕೊಡುತ್ತೇನೆಂದು ಗೌರೀಶ ಅಂದಾಗ ಅವಳು ಬೇಡವೆಂದಿದ್ದಳು. ಗಂಡ ಮನೆಯಲ್ಲೇ ಇರಲಿ, ತನ್ನ ಜೊತೆ ಸಂತೆಗೆಲ್ಲ ತಿರುಗುವುದು ಬೇಡ.

ರಿಪೇರಿಗೆಂದು ಓಡಾಡುವಾಗ ಅವಳ ಮನಸ್ಸು ಗೌರೀಶನ ಕಡೆ ವಾಲಿತ್ತು. ಊರಿಗೆ ಮರಳುವ ಬಸ್ಸಿನಲ್ಲಿ ತಾನು ಹಾಡು ಗುನುಗುತ್ತಿದ್ದೇನೆಂದು ಒಂದು ದಿನ ಅರಿವಾಗಿ ಬೆಚ್ಚಿಬಿದ್ದಳು.

ಅಂದಿನಿಂದ ದಿನಾ ಬೆಳಿಗ್ಗೆ ದೇವರ ಜಗಲಿಯ ಮುಂದೆ ಲ್ಯಾಪ್‌ಟಾಪ್ ತೆರೆದಿಟ್ಟು, ಪ್ರಭುವಿನ ಮುಖ ಮೂಡಿದ ಮೇಲೆ ಅದಕ್ಕೂ ವಿಭೂತಿ ಹಚ್ಚಿ ಕೈಮುಗಿಯತೊಡಗಿದಳು. ಅತ್ತೆ ಗುರವ್ವ ನೋಡಿಯೂ ನೋಡದಂತೆ ಇರುತ್ತಿದ್ದಳು.

ಆದರೆ ಬರಬರುತ್ತ ಪ್ರಭು ಬೇರೆಯೇ ಆದ...

ಮೊದಲು ತುಟಿ ಅಲುಗುತ್ತಿತ್ತು. ಮಾತು ಆಮೇಲೆ ಬರುತ್ತಿತ್ತು. 'ಮ... ಹಾ...' ಎಂದು ಹೆಸರು ಅರ್ಧಕ್ಕೇ ನಿಂತು, ಕಣ್ಣು ಅವಳ ಮೇಲೇ ನೆಟ್ಟು, ಮುಖ ಕಲ್ಲಾಗುತ್ತಿತ್ತು. ನಗು ಬರುವಷ್ಟರಲ್ಲಿ ಅವಳು ಕಣ್ಣು ತಗ್ಗಿಸಿರುತ್ತಿದ್ದಳು. ಹಿತ್ತಲಲ್ಲಿ ಪಾತ್ರೆ ತಿಕ್ಕುವಾಗಲೂ ಬೆನ್ನ ಹಿಂದೆ ಆ ಅರ್ಧ ಹೆಸರು.

'ಇವರಿಗೆ ಗೊತ್ತಾಗೈತಿ... ನನ್ನ ಹೆಸರು ಪೂರಾ ಕರಿಯಾಕ ಇವರಿಗೆ ಮನಸಿಲ್ಲ.'

ಗೌರೀಶ ಲ್ಯಾಪ್‌ಟಾಪ್ ಚಾಲೂ ಮಾಡಿ ಬಹಳ ಹೊತ್ತು ನೋಡಿದ.

"ಅಗದಿ ಕಾದೈತ್ರಿ. ಕಾವು ಏರಿದ್ರ ಸುಟ್ಟು ಹೋಗಬಾರ್ದಂತ ಪ್ರೊಸೆಸರ್ ತಾನ ಸಾವಕಾಶ ಆಗತೈತಿ." ತಡೆದು ಅಂದ, "ತಪ್ಪು ನಂದ ಇರಬೇಕು."

"ಅಂದ್ರ?"

"ಕಾವು ಎಳ್ಕೊಳ್ಳಾಕ ಅದರ ಮ್ಯಾಲೆ ಪೇಸ್ಟ್ ಹಚ್ಚಬೇಕ್ರಿ. ಆವತ್ತ ನೀವು ಆ ಸ್ಟೂಲ್ ಮ್ಯಾಲೆ ಕುಂತಿದ್ರಿ. ಕೈ ಕೆಲಸದಾಗ ಇತ್ತು, ಲಕ್ಷ್ಯ ಇರಲಿಲ್ಲ. ಹಚ್ಚೀನೋ ಇಲ್ಲೋ..."

"ಲಕ್ಷ್ಯ ಎಲ್ಲಿತ್ತು?"

ಗೌರೀಶ ಸ್ಕ್ರೂಡ್ರೈವರ್ ಹುಡುಕತೊಡಗಿದ. ಅದು ಅವನ ಕೈಯಲ್ಲೇ ಇತ್ತು.

ಹಿಂಬದಿ ಬಿಚ್ಚಿದಾಗ ಫ್ಯಾನಿನ ರೆಕ್ಕೆಗಳಿಗೆಲ್ಲ ಬೆಳ್ಳಗೆ ಏನೋ ಮೆತ್ತಿಕೊಂಡಿತ್ತು.

"ಇದೇನ್ರಿ, ಸುಣ್ಣ?"

ಮಹಾನಂದಾ ಬೆರಳ ತುದಿಯಿಂದ ಮುಟ್ಟಿದಳು. ಮುಟ್ಟಿದೊಡನೆ ಗೊತ್ತಾಯಿತು.

"ವಿಭೂತಿ."

"ಫ್ಯಾನು ಗಾಳಿ ಜೋಡಿ ಎಲ್ಲಾ ಒಳಗ ಎಳ್ಕೊಂಡೈತಿ." ಅವನ ಮುಖ ಸಣ್ಣದಾಯಿತು. "ಯಾಕ ಹಚ್ಚಿದ್ರಿ? ನಾ ಮುಟ್ಟೀನಂತ ಶುದ್ಧ ಮಾಡಿದ್ರೇನು?"

"ನೀವು ಮುಟ್ಟೀರಂತ ಅಲ್ಲ..." ಅವಳು ಆ ಬೂದಿಯ ಬೆರಳನ್ನೇ ನೋಡುತ್ತ ಅಂದಳು. "ನಾ ನಿಮ್ಮನ್ನ ನೆನಸ್ತೀನಂತ. ಅವರ ಮುಂದ ತಪ್ಪಾತು ಅನ್ನಾಕ."

ಗೌರೀಶ ಒಂದೊಂದೇ ರೆಕ್ಕೆಯನ್ನು ಬ್ರಷ್‌ನಿಂದ ಒರೆಸಿದ. ಪ್ರೊಸೆಸರಿನ ಮೇಲಿನ ತಗಡನ್ನೂ ಎತ್ತಿ ನೋಡಿದ. ಪೇಸ್ಟ್ ಹಚ್ಚಿಯೇ ಇತ್ತು. ಹೊಸದಾಗಿ ಮತ್ತೊಮ್ಮೆ ಹಚ್ಚಿ ಮುಚ್ಚಿದ. ವಿಡಿಯೊ ತೆರೆದುಕೊಟ್ಟು ತಾನು ಬಾಗಿಲ ಹೊರಗೆ ಹೋಗಿ ನಿಂತ.

"ಮಹಾನಂದಾ, ಇಲ್ಲಿ ಬಾ."

ತುಟಿಯ ಜೊತೆಗೇ ಮಾತು ಬಂತು. ನಗುವೂ ಬಂತು. ಅವಳು ಮತ್ತೆ ಮತ್ತೆ ಕೇಳಿದಳು. ಅದರಲ್ಲಿ ಸಿಟ್ಟಿರಲಿಲ್ಲ. ನಿಜ ಹೇಳಬೇಕೆಂದರೆ ಅಪ್ಪಣೆಯೂ ಇರಲಿಲ್ಲ. ಕ್ಯಾಮೆರಾ ನಡೆಯುತ್ತದೋ ಇಲ್ಲವೋ ನೋಡುತ್ತಿದ್ದ ಒಬ್ಬ ಗಂಡ, ಅಷ್ಟೇ. ಸತ್ತವನನ್ನು ಎಷ್ಟು ಕೇಳಿದರೂ ಅವನು ಇಷ್ಟೇ ಹೇಳುತ್ತಾನೆ. ಉಳಿದದ್ದನ್ನು ಬದುಕಿದವಳೇ ಹೇಳಬೇಕು.

ಮುಚ್ಚಿ ಹೊರಗೆ ಬಂದಾಗಲೂ ಬೆನ್ನ ಹಿಂದೆ ಯಾರೋ ಇದ್ದ ಹಾಗೆಯೇ ಇತ್ತು. ಇರಲಿ ಅಂದುಕೊಂಡಳು.

"ನಿಮ್ಮ ಅತ್ತಿಯವರನ್ನ ನಾ ಬಂದು ಕೇಳ್ಲೇನ್ರಿ?" ಗೌರೀಶ ಬೀದಿ ನೋಡುತ್ತಲೇ ಕೇಳಿದ.

"ನೀವ್ಯಾಕ? ನಾನ ಹೇಳ್ತೀನಿ. ನೀವು ಬಾಜೂ ನಿಂದರ್ರಿ, ಸಾಕು."

"ಬೈದ್ರ?"

"ಇಬ್ರೂ ಕೂಡಿ ಬೈಸ್ಕೊಳ್ಳೂಣು."