ಹಾಡಿನ ಕೆಳಗಿನ ದನಿ

ಗಿರಿಜಾಳ ಬೆರಳು ಟಿ.ವಿ. ಪರದೆಯನ್ನು ಮುಟ್ಟಿತು. ಮಚ್ಛೇಂದ್ರ ಮಾತು ಅರ್ಧಕ್ಕೇ ನಿಲ್ಲಿಸಿದ.

ಬೀದರಿನ ಚೌಬಾರಾ ಗೋಪುರದ ಹತ್ತಿರ ಅವನದೊಂದು ಸಣ್ಣ ರಿಪೇರಿ ಅಂಗಡಿ. ಅವಳು ತಂದ ಕ್ಯಾಸೆಟ್ಟನ್ನು ಮಾರಲು ಇಟ್ಟಿದ್ದ ಹಳೆಯ ವಿಸಿಆರ್‌ಗೆ ಹಾಕಿ ತೋರಿಸುತ್ತಿದ್ದ. ಭಾಲ್ಕಿಯಲ್ಲಿ ಇಪ್ಪತ್ತೆರಡು ವರ್ಷದ ಹಿಂದೆ ನಡೆದ ಮದುವೆ. ಪಂಕ್ತಿಯ ನಡುವೆ ಹಸಿರು ಸೀರೆಯ ಹೆಂಗಸೊಬ್ಬಳು ತಿರುಗಿ ಏನೋ ಹೇಳುತ್ತಿದ್ದಳು.

"ಇವ್ರು ಯಾರ್ರಿ?"

"ನಮ್ಮವ್ವ, ಶಾಲುಬಾಯಿ. ಅದೇ ವರ್ಷ ಹೋದಳು. ನಾ ಐದು ವರ್ಷದಾಕಿ."

ಪರದೆಯಲ್ಲಿ ಅವ್ವನ ತುಟಿ ಅಲ್ಲಾಡುತ್ತಿತ್ತು. ಕೇಳುತ್ತಿದ್ದದ್ದು ಮಾತ್ರ ಶಹನಾಯಿ. ಆಗಿನ ಮದುವೆ ವಿಡಿಯೋಗಳಿಗೆಲ್ಲ ಆಮೇಲೆ ಹಾಡು ಕೂಡಿಸುತ್ತಿದ್ದರು.

"ಈ ಮಶೀನೇ ಕೊಡ್ರಿ. ಮುಖ ಕಂಡ್ರ ಸಾಕು."

ಮಚ್ಛೇಂದ್ರ ಮೇಜಿನ ಮೇಲೆ ಬಿಚ್ಚಿಟ್ಟಿದ್ದ ಕರಿಯ ವಿಸಿಆರ್ ಕಡೆ ನೋಡಿದ. "ಇದು ಸಾದಾ ಅದರಿ. ಅದು ಹೈ-ಫೈ, ಸ್ಟುಡಿಯೋದಾಗಿಂದು. ಎಂಟು ದಿನ ತಡೀರಿ, ರಿಪೇರಿ ಮಾಡಿ ಕೊಡ್ತೇನಿ."

"ದುಬಾರಿ ಇರಬೇಕಲ್ಲ ಅದು?"

"ದುಬಾರಿ ಹೌದ್ರಿ, ಆದ್ರ…"

ಗಿರಿಜಾಳ ಮುಖ ಬಿಗಿಯಿತು. "ಸತ್ತ ಅವ್ವನ್ನ ನೋಡಿ ಅಳೋ ಹೆಣ್ಣಮಗಳು ಏನರೆ ಕೊಂಡಾಳು ಅಂತ ತಿಳ್ಕೊಂಡೀರೇನು? ಠಾಣಾ ಕುಶನೂರ ಸಾಲಿ ಟೀಚರ್ ನಾನು. ಅಷ್ಟು ಹುಚ್ಚಿ ಅಲ್ಲ."

ಅವನು ಕರಿಯ ವಿಸಿಆರ್ ಪಕ್ಕಕ್ಕೆ ಸರಿಸಿದ. ಸಾದಾ ಮಶೀನನ್ನೇ ಕಟ್ಟಿಕೊಟ್ಟ.

ಎರಡು ವರ್ಷದಿಂದ ಮಳೆ ಇರಲಿಲ್ಲ. ಔರಾದ ಸೀಮೆಯ ಜನ ಪುಣೆಗೆ, ಹೈದರಾಬಾದಿಗೆ ದುಡಿಯಲು ಹೋಗುತ್ತಿದ್ದರು. ಅಣ್ಣ-ಅತ್ತಿಗೆಯೂ ಮಕ್ಕಳನ್ನು ಕಟ್ಟಿಕೊಂಡು ಹೋದ ಮೇಲೆ ಮನೆಯಲ್ಲಿ ಗಿರಿಜಾ ಒಬ್ಬಳೇ. ಅವಳ ತರಗತಿಯಲ್ಲಿ ಉಳಿದದ್ದು ಒಂಬತ್ತು ಮಕ್ಕಳು.

ಸಾಲೆಯಿಂದ ಬಂದು ದಿನಾಲೂ ಕ್ಯಾಸೆಟ್ಟು ಹಾಕುತ್ತಿದ್ದಳು. ಅವ್ವನ ತುಟಿ ನೋಡಿ ತಾನೂ ಹಾಗೇ ತುಟಿ ಆಡಿಸುತ್ತಿದ್ದಳು.

'ಏನಂತಿದ್ದೀ, ಅವ್ವಾ…? ಯಾರಿಗೆ ಹೇಳ್ತಿದ್ದೀ…?'

ಶಹನಾಯಿ ಮುಗಿದರೆ ಮನೆ ಇನ್ನಷ್ಟು ಖಾಲಿಯಾಗುತ್ತಿತ್ತು.

ಒಂಬತ್ತನೆಯ ದಿನ, ಸಾಲೆಗೆ ರಜೆಯ ಐತಾರ ಮಧ್ಯಾಹ್ನ, ಬಾಗಿಲಲ್ಲಿ ಮಚ್ಛೇಂದ್ರ ನಿಂತಿದ್ದ. ಮೈತುಂಬ ಬಸ್ಸಿನ ಧೂಳು, ತೋಳಲ್ಲಿ ಚಾದರ ಸುತ್ತಿದ ಆ ಕರಿಯ ಮಶೀನು.

"ಮಾರಲಾಕ ಬಂದಿಲ್ರಿ," ಎಂದ ಮೊದಲೇ. "ಹಾಡು ಟೇಪಿನ ಅಂಚಿನ ಮ್ಯಾಲ ಕೂಡಿಸ್ಯಾರ. ಕ್ಯಾಮೆರಾ ಹಿಡದ ಅಸಲಿ ದನಿ ಕೆಳಗ ಹಾಂಗೇ ಉಳದಿರಬಹುದು. ಸಾದಾ ಮಶೀನಿಗೆ ಅದು ಸಿಗಂಗಿಲ್ಲ, ಇದಕ್ಕ ಸಿಗ್ತದ."

"ಅವತ್ತೇ ಯಾಕ ಹೇಳಲಿಲ್ಲ?"

"ಇರದಿದ್ರ? ನಿಮಗ ಸುಳ್ಳು ಆಸಿ ಹಚ್ಚಿದಂಗ ಆಗ್ತಿತ್ತು."

ತಂತಿ ಜೋಡಿಸಿ ಕ್ಯಾಸೆಟ್ಟು ಹಾಕಿದ.

ಶಹನಾಯಿ ಇರಲಿಲ್ಲ… ಪಾತ್ರೆಗಳ ಸಪ್ಪಳ, ಕೂಸಿನ ಅಳು, ಯಾರದೋ ಕೆಮ್ಮು. ಹಸಿರು ಸೀರೆ ತಿರುಗಿತು.

"ನಮ್ಮ ಗಿರಿಜಾ ಉಂಡಾಳೇನು, ಯಾರರೆ ನೋಡ್ರಿ. ಹಸಿವಿ ಅಂತ ಬಾಯಿಬಿಟ್ಟು ಹೇಳಂಗಿಲ್ಲ ಆಕಿ."

ಗಿರಿಜಾ ಟಿ.ವಿ. ಮುಂದೆ ನೆಲದ ಮೇಲೆ ಕುಳಿತಳು. ಅವ್ವನ ದನಿ ಸ್ವಲ್ಪ ಒರಟಾಗಿತ್ತು. ಅವಳು ಅಂದುಕೊಂಡಂತೆ ಇರಲೇ ಇಲ್ಲ. ಎಷ್ಟೋ ವರ್ಷದ ಅಳುವನ್ನೆಲ್ಲ ಅತ್ತಳು. ಮಚ್ಛೇಂದ್ರ ಗೋಡೆಗೆ ಮುಖ ಮಾಡಿ ನಿಂತಿದ್ದ.

"ಅವತ್ತು ನಿಮಗ ಬಾಳ ಬಿರುಸು ಮಾತಾಡಿದೆ," ಎಂದಳು ಕೊನೆಗೆ.

"ನನ್ನ ಅಂಗಡಿಗಿ ಈಗ ಯಾರೂ ಬರಂಗಿಲ್ರಿ. ನೀವು ಬಂದ್ರಿ, ಬೈದ್ರಿ, ಹೋದ್ರಿ. ಅವತ್ತಿಂದ ಕೆಲಸದಾಗ ಮನಸ್ಸ ನಿಂದರವಲ್ದು." ಅವನು ತಲೆ ತಗ್ಗಿಸಿದ. "ಮಶೀನು ಬರೇ ನೆಪರಿ. ನಿಮ್ಮನ್ನ ನೋಡಬೇಕಿತ್ತು."

ಅವಳ ಕೆನ್ನೆ ಇನ್ನೂ ಹಸಿಯಾಗಿತ್ತು. ಒರೆಸಿಕೊಳ್ಳಲಿಲ್ಲ.

"ಬರೋ ಐತಾರ ಬರ್ತೀರೇನು?"

"ನೀವು ಅಂದ್ರ ಬರ್ತೇನಿ. ಮಶೀನಿಗೆ ಏನರೆ ಆಗ್ಯದೇನೋ ನೋಡಲಾಕ…"

"ಮಶೀನಿಗೆ ಏನೂ ಆಗಂಗಿಲ್ಲ," ಎಂದಳು ಗಿರಿಜಾ. "ನೆಪ ಇಲ್ಲದೇ ಬರ್ರಿ."