ಸೈನೂ ನಂದೇ, ಕೆಲಸಾನೂ ನಂದೇ

"ಸಹಿ ನಿಮ್ಮದು, ಸರಿ. ಕೆಲಸ ಯಾರು ಮಾಡ್ತಾರೆ? ಅಪ್ಪನಾ, ಅಣ್ಣನಾ?"

ಬಂಗಾರಪೇಟೆಯ ವಿಮಾ ಕಚೇರಿಯಲ್ಲಿ ಆದಿನಾರಾಯಣ ತಲೆ ಎತ್ತದೆಯೇ ಕೇಳಿದ. ಹೊಸ ಏಜೆಂಟರನ್ನು ಹುಡುಕಿ, ಕೆಲಸ ಕಲಿಸಿ, ಅವರ ಕಾಲ ಮೇಲೆ ನಿಲ್ಲಿಸುವುದು ಅವನ ಹುದ್ದೆ. ಅವನಿಗೂ ಅದು ಹೊಸದು. ಎಂಬತ್ತರ ದಶಕದ ಆ ದಿನಗಳಲ್ಲಿ ಹೆಂಡತಿಯ ಹೆಸರಿನಲ್ಲೋ ಮಗಳ ಹೆಸರಿನಲ್ಲೋ ಏಜೆನ್ಸಿ ಪಡೆದು ಗಂಡಸರೇ ಊರು ಸುತ್ತುವುದನ್ನು ಅವನು ಕಂಡಿದ್ದ.

ಎದುರಿಗೆ ಕೂತಿದ್ದ ಅನಸೂಯಳಿಗೆ ಮೈಯೆಲ್ಲ ಉರಿದುಹೋಯಿತು. ಕ್ಯಾಸಂಬಳ್ಳಿಯಿಂದ ಹಾಲಿನ ಕ್ಯಾನುಗಳ ನಡುವೆ ಬಸ್ಸಿನಲ್ಲಿ ನಿಂತೇ ಬಂದಿದ್ದಳು. ಪಿಯುಸಿ ಮುಗಿಸಿದ ಮಗಳಿಗೆ ಇನ್ನು ಮದುವೆಯೊಂದೇ ಬಾಕಿ ಎನ್ನುತ್ತಿದ್ದ ಅಪ್ಪ ಸೊಣ್ಣಪ್ಪನ ಜೊತೆ ಜಗಳವಾಡಿ ಒಂದು ವರ್ಷದ ಗಡುವು ಪಡೆದಿದ್ದಳು. ಅಷ್ಟರಲ್ಲಿ ಏಜೆನ್ಸಿ ಗಟ್ಟಿಯಾಗಬೇಕು. ಇಲ್ಲದಿದ್ದರೆ ಅಪ್ಪ ತೋರಿಸಿದವನಿಗೆ ಕೊರಳೊಡ್ಡಬೇಕು.

"ಸೈನೂ ನಂದೇ, ಕೆಲಸಾನೂ ನಂದೇ ಸಾರ್. ನಂಬಿಕೆ ಇಲ್ದಿದ್ರೆ ಈಗ್ಲೇ ಯೋಳಿ, ಒಂಟೋಗ್ತೀನಿ."

ಆಗ ಅವನು ತಲೆ ಎತ್ತಿದ. ಎತ್ತಿದ ತಲೆಯನ್ನು ಇಳಿಸಲು ಸ್ವಲ್ಪ ತಡವಾಯಿತು. ಅದನ್ನು ಅನಸೂಯ ಗಮನಿಸಿದಳು... ಗಮನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟು ಮಾಡಿಕೊಂಡಳು.

ಕೆಲಸವೇನೋ ಸಿಕ್ಕಿತು. ಹೊಸಬರ ಜೊತೆ ಮೊದಮೊದಲು ಅಧಿಕಾರಿಯೂ ಮನೆಮನೆ ತಿರುಗಬೇಕಿತ್ತು. ಕೆಜಿಎಫ್‌ಗೆ ಹೋಗುವ ಪ್ಯಾಸೆಂಜರ್ ರೈಲಿನಲ್ಲಿ ಎದುರು ಬೆಂಚಿನಲ್ಲಿ ಕೂತು ಅವನು ಪಾಠ ಹೇಳುತ್ತಿದ್ದ. ಹೋದ ತಕ್ಷಣ ಪಾಲಿಸಿಯ ಮಾತೆತ್ತಬೇಡಿ, ಮನೆಯ ಕಷ್ಟಸುಖ ಕೇಳಿ, ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರಿ ಎನ್ನುತ್ತಿದ್ದ. ಕೊನೆಯದು ನನ್ನಿಂದಾಗದು ಎಂದಳು ಅನಸೂಯ. ಅವನು ನಕ್ಕುಬಿಟ್ಟ. ಉರಿಗಾಂ ದಾಟಿ ಚಾಂಪಿಯನ್ ರೀಫ್ಸ್ ಬಂದರೂ ಆ ನಗು ಅವಳ ಮನಸ್ಸಿನಿಂದ ಇಳಿಯಲಿಲ್ಲ.

ಕೆಲವು ತಿಂಗಳ ನಂತರ ಒಬ್ಬಳೇ ಹೋಗತೊಡಗಿದಳು. ಎಡವಿದ್ದೂ ಆಗಲೇ.

ಚಾಂಪಿಯನ್ ರೀಫ್ಸಿನ ಕಾರ್ಮಿಕರ ಮನೆಗಳ ಸಾಲಿನಲ್ಲಿ ಮಾರಿಯಮ್ಮನ ಮನೆ. ಗಂಡ ಆರುಮುಗಂ ಗಣಿಯಲ್ಲಿ ಕೆಲಸಕ್ಕೆ ಇಳಿದಿದ್ದ. ಅನಸೂಯ ಮಧ್ಯಾಹ್ನ ಹೋಗಿ ಕೂತು, ನಾಳೆ ನಿಮ್ಮೆಜಮಾನರಿಗೆ ಏನಾದರೂ ಆದರೆ ಮಕ್ಕಳ ಗತಿಯೇನು ಎಂದು ಕೇಳಿಬಿಟ್ಟಳು.

ಮಾರಿಯಮ್ಮನ ಮುಖ ಬಿಳಚಿಕೊಂಡಿತು. "ನಮ್ಮೆಜಮಾನ್ರು ಇನ್ನಾ ಕೆಳಗವ್ರೆ. ಈ ಒತ್ನಲ್ಲಿ ಆ ಮಾತಾಡ್ತೀಯಾ? ಮೊದ್ಲು ಎದ್ದೋಗು."

ಗಂಡಸರು ಭೂಮಿಯ ಕೆಳಗಿರುವಾಗ ಸಾವಿನ ಸೊಲ್ಲೆತ್ತಬಾರದು ಎನ್ನುವುದು ಆ ಸಾಲಿನ ಕಟ್ಟಳೆ. ರಾಗಿ ಹೊಲ, ಹಸುಗಳ ನಡುವೆ ಬೆಳೆದ ಹುಡುಗಿಗೆ ಅದು ಹೇಗೆ ಗೊತ್ತಾಗಬೇಕು? ಸಂಜೆಯೊಳಗೆ ಸುದ್ದಿ ಹಬ್ಬಿತು. ಮರುದಿನದಿಂದ ಅವಳನ್ನು ಕಂಡರೆ ಬಾಗಿಲುಗಳು ಮುಚ್ಚಿಕೊಂಡವು.

ಮಾರ್ಚ್ ಹತ್ತಿರವಾಯಿತು. ವರ್ಷಕ್ಕೆ ಇಷ್ಟು ಪಾಲಿಸಿ ಎಂದು ನಿಯಮವಿತ್ತು. ಅಷ್ಟು ಆಗದಿದ್ದರೆ ಏಜೆನ್ಸಿ ರದ್ದು.

ಒಂದು ಬೆಳಿಗ್ಗೆ ಆದಿನಾರಾಯಣ ಅವಳನ್ನು ಕರೆದು ಒಂದಿಷ್ಟು ಅರ್ಜಿಗಳನ್ನು ಮುಂದಿಟ್ಟ. ತಾನೇ ಉರಿಗಾಂ ಸುತ್ತಿ ತುಂಬಿಸಿ ತಂದಿದ್ದ. ಏಜೆಂಟರ ಸಹಿಯೊಂದು ಬಾಕಿ ಎಂದ.

'ಕೈ ಹಿಡಿದು ನಡೆಸ್ತಾನೆ ಅಂದ್ಕೊಂಡಿದ್ದೆ. ಇವನು ನನ್ನ ಎತ್ಕೊಂಡೇ ನಡೀತಾವನೆ...' ಅನಸೂಯ ಅರ್ಜಿಗಳನ್ನು ಅವನತ್ತಲೇ ತಳ್ಳಿದಳು.

"ಕೆಲಸ ಯಾರು ಮಾಡ್ತಾರೆ ಅಂತ ಮೊದಲ್ನೇ ದಿನ ಕೇಳಿದ್ರಲ್ಲ, ಇವತ್ತು ಉತ್ತರಾನೂ ನೀವೇ ತಂದಿದ್ದೀರ. ನಾನು ಸೈನ್ ಆಕಲ್ಲ."

ಏಜೆನ್ಸಿ ಹೋಗುತ್ತದೆ ಎಂದು ಅವನು ಅಂಗಲಾಚಿದ. ಹೋದರೂ ನನ್ನ ಕೈಯಿಂದಲೇ ಹೋಗಲಿ ಎಂದು ಎದ್ದು ನಡೆದಳು. ತಡೆದುಕೊಂಡಿದ್ದ ಅಳು ಬಸ್ಸಿನಲ್ಲಿ ಉಕ್ಕಿ ಬಂತು. ಅತ್ತಿದ್ದು ಏಜೆನ್ಸಿಗಾಗಿ ಅಲ್ಲ, ಅವನು ತನ್ನನ್ನು ನಂಬಲಿಲ್ಲವಲ್ಲ ಎಂದು.

ಮರುದಿನ ಅವಳು ಕಾರ್ಮಿಕರ ಸಾಲಿಗೆ ನೇರವಾಗಿ ಹೋಗಲಿಲ್ಲ. ಗಣಿಯ ಗೇಟಿನ ಮುಂದೆ, ಗಂಡಂದಿರಿಗಾಗಿ ಕಾಯುವ ಹೆಂಗಸರ ಪಕ್ಕದಲ್ಲಿ ನಿಂತಳು. ಸೈರನ್ ಕೂಗಿತು. ಮೇಲೆ ಬಂದ ಆರುಮುಗಂ ಮನೆಯತ್ತ ನಡೆದಾಗ ದೂರದಿಂದಲೇ ಹಿಂದೆ ಹೋಗಿ ಹೊರಗಿನ ಮೆಟ್ಟಿಲ ಮೇಲೆ ಕೂತಳು. ಅವನು ಸ್ನಾನ ಮಾಡಿ ಉಣ್ಣುವವರೆಗೂ ಅವಳು ತುಟಿ ಬಿಚ್ಚಲಿಲ್ಲ.

ಮಾರಿಯಮ್ಮ ನೋಡಿಯೂ ನೋಡದವಳಂತೆ ಓಡಾಡಿದಳು. ಕೊನೆಗೆ ಕಾಫಿಯ ಲೋಟ ತಂದು ಪಕ್ಕದಲ್ಲಿಟ್ಟಳು.

"ಈಗ ಯೋಳು. ಈಗ ಅವರು ಮನೇಲವ್ರೆ."

ಮಕ್ಕಳನ್ನು ಏನು ಓದಿಸಬೇಕೆಂದಿದ್ದೀರಿ ಎಂದಷ್ಟೇ ಕೇಳಿ, ಅನಸೂಯ ಬಾಯಿ ಮುಚ್ಚಿಕೊಂಡಳು. ಆರುಮುಗಂ ಹೆಂಡತಿಯ ಮುಖ ನೋಡಿದ. ಆಮೇಲೆ ತಾನಾಗಿಯೇ ಮಾತು ಶುರುಮಾಡಿದ. ಅವತ್ತು ಅವನ ಸಹಿ ಬಿತ್ತು. ಮುಂದಿನ ವಾರಗಳಲ್ಲಿ ಪಕ್ಕದ ಬಾಗಿಲುಗಳಿಗೆ ಮಾರಿಯಮ್ಮನೇ ಕರೆದುಕೊಂಡು ಹೋದಳು, ಅದೂ ಶಿಫ್ಟ್ ಮುಗಿದ ಮೇಲೆ.

ಮಾರ್ಚ್ ಕೊನೆಯಲ್ಲಿ ಅನಸೂಯ ತನ್ನ ಅರ್ಜಿಗಳನ್ನು ಆದಿನಾರಾಯಣನ ಮೇಜಿನ ಮೇಲಿಟ್ಟಳು. ಒಂದೊಂದರಲ್ಲೂ ಅವಳದೇ ಸಹಿ, ಅವಳದೇ ಕೆಲಸ. ಅವನು ಎಣಿಸಿ ನೋಡಿದ, ವರ್ಷದ ಲೆಕ್ಕ ತುಂಬಿತ್ತು. ಆದರೂ ತಲೆ ಎತ್ತಲಿಲ್ಲ.

"ತಪ್ಪು ಮಾಡಿದೆ. ಏಜೆನ್ಸಿ ಹೋದ್ರೆ ನೀವು ಈ ಕಡೆ ಬರಲ್ವಲ್ಲ ಅಂತ ಹೆದರಿಕೆ ಆಯ್ತು."

"ಅದನ್ನೇ ಬಾಯ್ಬಿಟ್ಟು ಯೋಳ್ಬೋದಿತ್ತಲ್ಲ?"

"ಬಾಯಿ ಮುಚ್ಕೊಂಡಿರೋ ಪಾಠ ಹೇಳಿದೋನು ನಾನೇ ಅಲ್ವಾ..."

ಕ್ಯಾಸಂಬಳ್ಳಿಗೆ ಬಂದು ನಿಮ್ಮ ತಂದೆಯವರನ್ನು ಕೇಳಲೇ ಎಂದ. ಹೂಂ ಎನ್ನಲು ಮನಸ್ಸು ಹಾತೊರೆಯಿತು. ಆದರೆ ಅವಳು ಅನಸೂಯ.

"ಗಂಡ ತಿರುಗ್ತಾನೆ, ಎಂಡ್ತಿ ಸೈನ್ ಆಕ್ತಾಳೆ ಅಂತ ನಾಳೆ ಊರೆಲ್ಲಾ ಅನ್ನುತ್ತೆ. ಅದಕ್ಕೇನು ಮಾಡ್ತೀರ?"

ಅವನು ಮೇಜಿನ ಮೇಲಿದ್ದ ಅರ್ಜಿಗಳನ್ನು ಒಟ್ಟುಮಾಡಿ ಅವಳತ್ತ ಸರಿಸಿದ. ಆಮೇಲೆ ಹಿರಿಯ ಅಧಿಕಾರಿ ಕೋದಂಡಪ್ಪನವರ ಕೈಕೆಳಗೆ ನಿಮ್ಮ ಏಜೆನ್ಸಿ ಬದಲಾಯಿಸೋಣ, ನಿಮ್ಮ ಒಂದು ಕಾಗದವನ್ನೂ ನಾನು ಮುಟ್ಟುವುದಿಲ್ಲ ಎಂದ.

"ಅಷ್ಟೇ ಸಾಲ್ದು. ರೈಲಲ್ಲಿ ಬೇಕಾದ್ರೆ ಜೊತೇಲಿ ಬನ್ನಿ. ಚಾಂಪಿಯನ್ ರೀಫ್ಸಲ್ಲಿ ಮಾತ್ರ ನಾನೊಬ್ಳೇ ಇಳಿಯೋದು." ಸಾರ್ ಎನ್ನುವುದು ಆಗಲೇ ಬಿಟ್ಟುಹೋಗಿತ್ತು.

"ನಾನೇನು ಮಾಡ್ಲಿ?"

"ಸ್ಟೇಷನ್ನಲ್ಲಿ ಕಾದ್ಕೊಂಡಿರಿ."

"ಆಯ್ತು, ಕಾಯ್ತೀನಿ. ಕೂರೋದು ಎದುರು ಬೆಂಚಲ್ಲೇನಾ?"

ಅನಸೂಯ ಅವನನ್ನು ನೇರವಾಗಿ ನೋಡಿದಳು. ಇಷ್ಟು ದಿನ ಹಿಡಿದಿಟ್ಟಿದ್ದ ನಗು ಈಗ ತಡೆಯದಾಯಿತು.

"ಓಗೋವಾಗ ಎದುರಿಗೆ. ಬರೋವಾಗ ಪಕ್ಕದಲ್ಲಿ..."