ಗುಂಡಣ್ಣ ಕೂತರೆ ಸ್ಟಾರ್ಟ್ ಆಗದ ಗಾಡಿ

"ನಾಳೆ ಮಧ್ಯಾಹ್ನದೊಳಗೆ ಗಾಡಿ ಸ್ಟಾರ್ಟ್ ಆಗದಿದ್ರೆ ಗುಂಡಣ್ಣ ಕೆಲಸಾನೂ ಬಿಡ್ಬೇಕು, ಕೋಣೇನೂ ಬಿಡ್ಬೇಕಂತೆ, ದೊಡ್ಡಮ್ಮ," ಎಂದು ಗುಮಾಸ್ತ ಚಪ್ಪಲಿ ಕಳಚುವ ಮೊದಲೇ ಹೇಳಿಬಿಟ್ಟ.

ದೊಡ್ಡಮ್ಮ ನಿವೃತ್ತ ಹೆಡ್‌ಮೇಡಂ. ತರಗತಿಯ ಸುಳ್ಳುಗಳನ್ನು ಹಿಡಿದು ಹಿಡಿದು ಪಳಗಿದ ಕಣ್ಣು ಅವರದು. ಬೀದಿಯಲ್ಲಿ ಏನು ಕಳೆದರೂ ಜನ ಠಾಣೆಗಿಂತ ಮೊದಲು ಅವರ ಬಾಗಿಲು ತಟ್ಟುತ್ತಿದ್ದರು. ಅವರ ಹಿಂದೆ ಚೀಲ ಹಿಡಿದು ನಡೆಯುವುದು, ಆಟದ ಮೈದಾನದ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಈ ತಂಗಿಯ ಮಗನ ಪಾಲಿಗೆ ಬಂದಿತ್ತು.

"ಉಸಿರು ತಗೊಂಡು ಮೊದಲಿಂದ ಹೇಳು."

ಮೈದಾನದ ಹುಲ್ಲು ಕತ್ತರಿಸಲು ಮೇಲೆ ಕೂತು ಓಡಿಸುವ ಗಾಡಿಯೊಂದಿತ್ತು. ಓಡಿಸುವವನು ಗುಂಡಣ್ಣ. ಕೆಲವು ದಿನಗಳಿಂದ ಅವನು ಕೀಲಿ ತಿರುಗಿಸಿದರೆ ಗಾಡಿ ಗುರ್ ಎನ್ನುತ್ತಿರಲಿಲ್ಲ. ಮೆಕ್ಯಾನಿಕ್ ಬಂದು ಕೂತರೆ ಒಂದೇ ಏಟಿಗೆ ಗುಡುಗುತ್ತಿತ್ತು. ಗುಂಡಣ್ಣ ಸೋಮಾರಿ, ಬೇಕೆಂದೇ ವೈರು ಕೀಳುತ್ತಾನೆ ಎಂಬುದು ಮ್ಯಾನೇಜರ್ ತೀರ್ಮಾನ.

"ಶೆಡ್ಡಿನ ಬೀಗದ ಕೈ ಯಾರ ಹತ್ರ?"

"ಒಂದು ಮ್ಯಾನೇಜರ್ ಹತ್ರ, ಒಂದು ನನ್ನ ಹತ್ರ." ಗುಮಾಸ್ತ ಜೇಬಿನಲ್ಲಿದ್ದ ಬೀಗದ ಕೈ ತಡವಿದ. "ನಾನೇ ಏನಾದ್ರೂ ತಪ್ಪಿ ಮುಟ್ಟಿಬಿಟ್ನಾ ದೊಡ್ಡಮ್ಮ?"

"ಲೋಕದ ತಪ್ಪನ್ನೆಲ್ಲ ತಲೆ ಮೇಲೆ ಹೊತ್ಕೋಬೇಡ. ಅಷ್ಟು ದೊಡ್ಡ ತಲೆ ಅಲ್ಲ ಅದು."

ಮರುದಿನ ಬೆಳಿಗ್ಗೆ ಇಬ್ಬರೂ ಶೆಡ್ಡಿಗೆ ಹೋದರು. ಅದರ ಬೆನ್ನಿಗೇ ಗುಂಡಣ್ಣನ ಒಂಟಿ ಕೋಣೆ. ಹೆಂಡತಿ ತೀರಿಕೊಂಡ ಮೇಲೆ ಅಲ್ಲಿ ಅವನೊಬ್ಬನೇ. ತೆರೆದ ಬಾಗಿಲಿಂದ ದೊಡ್ಡಮ್ಮ ಒಳಗೆ ಇಣುಕಿದರು. ಒಲೆಯ ಮೇಲೆ ಪಾತ್ರೆ ಬೋರಲು ಬಿದ್ದಿತ್ತು. ಅದರ ಬೆನ್ನ ಮೇಲೆ ಧೂಳು. ಗುಂಡಣ್ಣ ಎದ್ದು ಪ್ಯಾಂಟು ಮೇಲೆಳೆದುಕೊಂಡ. ಬೆಲ್ಟಿನ ಬಾಲ ಸೊಂಟ ಸುತ್ತಿ ಇನ್ನೂ ಜೋತಾಡುತ್ತಿತ್ತು.

"ನಾನೇನೂ ಮಾಡಿಲ್ಲ ಅಮ್ಮ," ಎಂದನಷ್ಟೇ.

ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತ ಬಂದ. "ಗಾಡಿಗೆ ರೋಗ ಇಲ್ಲ ಮೇಡಂ. ಬ್ಯಾಟರಿ ಸರಿಯಿದೆ, ಪೆಟ್ರೋಲ್ ಇದೆ, ಪ್ಲಗ್ಗು ಹೊಸದು."

"ಓಡಿಸ್ತಾ ಓಡಿಸ್ತಾ ಆಳು ಕೆಳಗೆ ಬಿದ್ರೆ?"

"ಎಂಜಿನ್ ತಾನೇ ನಿಲ್ಲತ್ತೆ. ಸೀಟಿನ ಕೆಳಗೆ ಸ್ವಿಚ್ಚಿದೆ. ಅದನ್ನೂ ನೋಡ್ದೆ, ನಾನು ಕೂತ್ರೆ ಸರಿಯಾಗೇ ಒತ್ತತ್ತೆ. ಸ್ಪ್ರಿಂಗು ಹೋದ ವರ್ಷ ಗಟ್ಟೀದು ಹಾಕಿದೀನಿ. ನಮ್ಮ ಗುಂಡಣ್ಣ ಕೂತ್ರೆ ಹಳೇದು ಅಯ್ಯೋ ಅಂತಿತ್ತು!" ಎಂದು ತನ್ನ ಡೊಳ್ಳು ಹೊಟ್ಟೆಯನ್ನೇ ತಟ್ಟಿ ನಕ್ಕ.

ದೊಡ್ಡಮ್ಮ ನಗಲಿಲ್ಲ. "ಮ್ಯಾನೇಜರನ್ನ ಕರಿ," ಎಂದರು ಗುಮಾಸ್ತನಿಗೆ.

ಎಲ್ಲರೂ ಗಾಡಿಯ ಸುತ್ತ ನಿಂತರು. ಮೊದಲು ಮೆಕ್ಯಾನಿಕ್ ಹತ್ತಿದ, ಎಂಜಿನ್ ಗುಡುಗಿತು. ಅದನ್ನು ನಿಲ್ಲಿಸಿ ಅವನು ಇಳಿದ. ಗುಂಡಣ್ಣ ಹತ್ತಿದ, ಸದ್ದಿಲ್ಲ.

"ಕಣ್ಣಾರೆ ನೋಡಿದ್ರಲ್ಲ ಮೇಡಂ, ನಾಟಕ!" ಎಂದರು ಮ್ಯಾನೇಜರ್.

"ಆ ಹುಲ್ಲಿನ ಬೀಜದ ಮೂಟೆ ಅವನ ತೊಡೆ ಮೇಲಿಡು," ಎಂದರು ದೊಡ್ಡಮ್ಮ.

ಗುಮಾಸ್ತ ಏದುಸಿರು ಬಿಡುತ್ತ ಮೂಟೆ ಎತ್ತಿಟ್ಟ. ಗುಂಡಣ್ಣ ಕೀಲಿ ತಿರುಗಿಸಿದ. ಶೆಡ್ಡಿನ ತಗಡು ಅದುರುವಂತೆ ಎಂಜಿನ್ ಗುಡುಗಿತು.

ಅದನ್ನು ನಿಲ್ಲಿಸಿದ ಮೇಲೆ ದೊಡ್ಡಮ್ಮ ಮೆಲ್ಲಗೆ ಬಿಡಿಸಿ ಹೇಳಿದರು. "ಇವನು ವೈರು ಕಿತ್ತಿದ್ರೆ, ಮೆಕ್ಯಾನಿಕ್ ಏನೂ ಮುಟ್ಟದೆ ಬರೀ ಕೂತ ತಕ್ಷಣ ಅದು ಹೇಗೆ ಸೇರ್ಕೊಳ್ತು? ವ್ಯತ್ಯಾಸ ಇರೋದು ಕೂತೋರಲ್ಲಿ. ಸ್ಪ್ರಿಂಗು ಗಟ್ಟಿ. ಅದು ಕುಗ್ಗದೆ ಸ್ವಿಚ್ಚು ಒತ್ತಲ್ಲ, ಒತ್ತದೆ ಗಾಡಿ ಹೊರಡಲ್ಲ. ಇವನ ಭಾರ ಈಗ ಅದಕ್ಕೆ ಸಾಲದು."

"ಗುಂಡಣ್ಣಂಗೆ ಭಾರ ಸಾಲದಾ?" ಮ್ಯಾನೇಜರ್ ಹುಬ್ಬೇರಿಸಿದರು.

"ನಮ್ಮ ಕಣ್ಣು ಕಟ್ಟಿದ್ದೇ ಆ ಹೆಸರು ಸ್ವಾಮಿ. ಬಾಯಿ ಗುಂಡಣ್ಣ ಅಂತು, ಕಣ್ಣು ಗುಂಡಗಿರೋನನ್ನೇ ನೋಡ್ತು. ಆ ಬೆಲ್ಟಿಗೆ ಮೊಳೆ ಹೊಡೆದು ಮಾಡಿರೋ ಹೊಸ ತೂತು ನೋಡಿ. ಕೋಣೇಲಿ ಒಲೆ ಮೇಲಿರೋ ಪಾತ್ರೆಯ ಧೂಳು ನೋಡಿ."

ಎಲ್ಲರೂ ಗುಂಡಣ್ಣನನ್ನು ನೋಡಿದರು. ಮೂಟೆಯನ್ನು ತಬ್ಬಿ ಕೂತಿದ್ದ ಆ ತೋಳುಗಳು ಬರೀ ಮೂಳೆ. ದಿನವೂ ಎದುರಾಗುತ್ತಿದ್ದ ಮನುಷ್ಯನನ್ನು ಈಗಷ್ಟೇ ಕಂಡಂತೆ ಗುಮಾಸ್ತ ಬೆಚ್ಚಿದ.

"ಊಟ ಮಾಡ್ತಿರ್ಲಿಲ್ವೇನಯ್ಯ?" ಮ್ಯಾನೇಜರ್ ದನಿ ತಗ್ಗಿತು. "ಯಾರೂ ಕೇಳ್ಲಿಲ್ವಾ?"

"ಕೇಳ್ತಾರೆ ಸಾರ್. ದಿನಾ ಎಲ್ರೂ ಕೇಳ್ತಾರೆ, ಊಟ ಆಯ್ತಾ ಅಂತ," ಎಂದ ಗುಂಡಣ್ಣ. "ಆಯ್ತು ಅಂದ್ರೆ ಹೋಗ್ತಾರೆ."

ಗುಮಾಸ್ತ ತಲೆ ತಗ್ಗಿಸಿದ. ಹಾಗೆ ಕೇಳಿ, ಕಾಲು ನಿಲ್ಲಿಸದೆ ಹೋದವರಲ್ಲಿ ಅವನೂ ಒಬ್ಬ.

ಮ್ಯಾನೇಜರ್ ಕೆಮ್ಮಿದರು. "ಕೆಲಸ ಬಿಡೋ ಮಾತು... ನಾನು ಆಡಿಲ್ಲ ಅಂದ್ಕೋ." ಮೆಕ್ಯಾನಿಕ್ ಸ್ಪ್ಯಾನರ್ ಹಿಡಿದು ಸೀಟಿನ ಕೆಳಗೆ ಬಗ್ಗಿದ.

ಸ್ಪ್ರಿಂಗು ಸಡಿಲವಾದ ಮೇಲೆ ಗಾಡಿ ಹೊರಟಿತು. ಅಷ್ಟಗಲ ಮೈದಾನದಲ್ಲಿ ಒಬ್ಬನೇ ಮನುಷ್ಯ ಸುತ್ತು ಹಾಕುವುದನ್ನು ಗುಮಾಸ್ತ ಕಿಟಕಿಯಿಂದ ನೋಡುತ್ತಿದ್ದ. ಮಧ್ಯಾಹ್ನ ಎಂಜಿನ್ ನಿಂತಾಗ ತನ್ನ ಡಬ್ಬಿ ಹಿಡಿದು ಶೆಡ್ಡಿನ ಮೆಟ್ಟಿಲಿಗೆ ಹೋದ. ಮುಚ್ಚಳದಲ್ಲಿ ಅರ್ಧ ಹಾಕಿ ಗುಂಡಣ್ಣನ ಮುಂದಿಟ್ಟ. ತಾನೂ ಪಕ್ಕದಲ್ಲಿ ಕೂತ.

ಗುಂಡಣ್ಣ ಬಹಳ ಹೊತ್ತು ಅನ್ನವನ್ನು ಬರೀ ಬೆರಳಲ್ಲಿ ಆಡಿಸುತ್ತಿದ್ದ. ಅವನ ಮೊದಲ ತುತ್ತು ಬಾಯಿಗೆ ಹೋಗುವಷ್ಟರಲ್ಲಿ ಗುಮಾಸ್ತನ ಊಟ ಮುಗಿದು ಕೈ ಒಣಗಿತ್ತು. ಆದರೂ ಅವನು ಎದ್ದು ಹೋಗಲಿಲ್ಲ.